ಊರ ತುಂಬ ಒಗೆದ ಬಟ್ಟೆ

ಆ ಊರಿಗೂ ಸಮುದ್ರಕ್ಕೂ ಯಾವ ನಂಟೂ ಇರಲಿಲ್ಲ. ಸಮುದ್ರ ನೋಡಬೇಕೆಂದರೆ ರೈಲಿನಲ್ಲಿ ಇಡೀ ರಾತ್ರಿ ಕೂತು, ಬೆಳಗ್ಗೆ ಇಳಿದು ಇನ್ನೊಂದು ರೈಲು ಹತ್ತಬೇಕಿತ್ತು. ಹಾಗಾಗಿ ಕರಾವಳಿಗೆ ಚಂಡಮಾರುತ ಬಡಿದ ಸುದ್ದಿ ಟೀವಿಯಲ್ಲಿ ಬಂದಾಗ ಊರಿನವರು ‘ಪಾಪ’ ಎಂದು ಚಾನೆಲ್ ಬದಲಿಸಿದರು. ಅದರ ಅಳಿದುಳಿದ ಗಾಳಿ ಒಳನಾಡಿನ ಕಡೆ ಬರುತ್ತಿದೆ, ಜೋಪಾನ ಎಂದು ಮರುದಿನ ಹೇಳಿದಾಗಲೂ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಹಚ್ಚಿಕೊಂಡವನೆಂದರೆ ಸ್ಟೇಷನ್ ರಸ್ತೆಯ ಲಾಂಡ್ರಿಯವಳ ಗಂಡ. ಆ ಲಾಂಡ್ರಿಯವಳನ್ನು ಊರಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಆ ದಿನ ಬೆಳಗ್ಗೆಯೇ ಲೈನ್‌ಮ್ಯಾನ್‌ಗಳಿಗೆಲ್ಲ ಬುಲಾವ್ ಬಂದಿತ್ತು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿಯುತ್ತ ಅವನು ಹೇಳಿದ:

“ನೋಡು, ಮೇಲೆ ತಂತಿ ಮೇಲಿರೋದನ್ನೆಲ್ಲ ಮಧ್ಯಾಹ್ನದೊಳಗೆ ಇಳಿಸಿಬಿಡು. ತಗಡು ಮೊದಲೇ ಅಲ್ಲಾಡ್ತಿದೆ.”

“ಅಷ್ಟರಲ್ಲಿ ಒಣಗಿಲ್ಲಾಂದ್ರೆ?”

“ಒದ್ದೆಯಾಗಿದ್ರೂ ಇಳಿಸು. ಹಾರಿಹೋದ ಮೇಲೆ ಒಣಗಿದ್ರೆಷ್ಟು, ಬಿಟ್ರೆಷ್ಟು.”

ಅಕ್ಕ ಹೂಂ ಎಂದಳು. ಆದರೆ ಅವಳ ಕಷ್ಟ ಅವಳಿಗೆ. ಕೆಳಗೆ ಇಸ್ತ್ರಿ ಕೋಣೆ, ಮೇಲೆ ತಾರಸಿ. ತಾರಸಿಗೆ ಗೋಡೆಯಿಲ್ಲದ ಒಂದು ತಗಡಿನ ಚಪ್ಪರ. ಅದರಡಿ ಈ ತುದಿಯಿಂದ ಆ ತುದಿಗೆ ತಂತಿಗಳು. ಆ ದಿನ ಅವುಗಳ ಮೇಲೆ ಊರ ಆಸ್ಪತ್ರೆಯ ಹಾಸಿಗೆ ಹೊದಿಕೆಗಳೆಲ್ಲ ಇದ್ದವು. ಕೊನೆಯ ಸಾಲಿನಲ್ಲಿ ಪುರಸಭೆಯ ಬ್ಯಾಂಡಿನವರ ಕೆಂಪು ಕೋಟುಗಳು, ಹಿತ್ತಾಳೆ ಗುಂಡಿಗಳ ಸಮೇತ. ಅವರದು ಭಾನುವಾರ ಪಾರ್ಕಿನಲ್ಲಿ ಕಛೇರಿ. ಅಷ್ಟು ದಪ್ಪ ಬಟ್ಟೆಯನ್ನು ಒದ್ದೆಯಾಗಿಯೇ ಇಳಿಸಿದರೆ ಹರವಲು ಕೆಳಗೆ ಜಾಗವೆಲ್ಲಿ?

ಅವಳು ಮಾವನನ್ನು, ಅಂದರೆ ಗಂಡನ ಅಪ್ಪನನ್ನು, ಕೇಳಿದಳು. ಗಾಳಿ ಮಳೆಯ ವಿಷಯಕ್ಕೆ ಇಡೀ ಬೀದಿ ಕೇಳುತ್ತಿದ್ದುದು ಅವರನ್ನೇ. ಪ್ರಾಯದಲ್ಲಿ ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡಿದವರು. ಮನೆಯೆತ್ತರದ ಅಲೆಗಳ ಕಥೆಯನ್ನು ಅವರ ಬಾಯಿಂದ ಕೇಳದ ಗಿರಾಕಿ ಆ ಬೀದಿಯಲ್ಲಿರಲಿಲ್ಲ.

“ನೆಲಕ್ಕೆ ಬಂದ ಚಂಡಮಾರುತ ಅಂದ್ರೆ ನೀರಿಂದ ತೆಗೆದ ಮೀನು ಕಣಮ್ಮ,” ಎಂದರು ಮಾವ, ಚಹಾದ ಲೋಟವನ್ನು ಊದುತ್ತ. “ಸ್ವಲ್ಪ ಹೊತ್ತು ಒದ್ದಾಡುತ್ತೆ, ಆಮೇಲೆ ತಣ್ಣಗಾಗುತ್ತೆ. ನಮ್ಮ ತನಕ ಬರೋದು ಅದರ ಬಾಲ. ಬಟ್ಟೆ ಬೇಗ ಒಣಗುತ್ತೆ ಬಿಡು.”

ಇನ್ನೂ ಒಂದು ಕಾರಣವಿತ್ತು. ಅದನ್ನು ಅಕ್ಕ ಯಾರಿಗೂ ಹೇಳುವಂತಿರಲಿಲ್ಲ. ಒದ್ದೆ ಬಟ್ಟೆ ಹೊತ್ತು ಮೇಲೆ ಕೆಳಗೆ ಓಡಾಡುವುದನ್ನು ಎದುರಿನವಳು ನೋಡಿ ನಗುತ್ತಾಳೆ ಎಂಬುದು.

ಎದುರಿನವಳೆಂದರೆ ಅಕ್ಕನ ಸ್ವಂತ ತಂಗಿ. ರಸ್ತೆಯ ಆಚೆ ಬದಿಯಲ್ಲಿ, ಸರಿಯಾಗಿ ಕಣ್ಣಿಗೆ ಕಣ್ಣು ಕೊಡುವಂತೆ, ಅವಳ ಮೆಷಿನ್ ಲಾಂಡ್ರಿ ಇತ್ತು. ತಂಗಿ ಕೆಲಸ ಕಲಿತದ್ದು ಅಕ್ಕನ ಕೈಕೆಳಗೇ. ಯಾವ ಕಲೆಗೆ ಯಾವ ಪುಡಿ, ರೇಷ್ಮೆಗೆಷ್ಟು ಬಿಸಿ, ಬಿಳಿಗೆಷ್ಟು ನೀಲಿ, ಎಲ್ಲ ಇಲ್ಲೇ. ಒಂದು ದಿನ ಅವಳು, “ಅಕ್ಕ, ಇಬ್ಬರೂ ಸೇರಿ ಮೆಷಿನ್ ಹಾಕೋಣ” ಎಂದಳು. “ಮೆಷಿನ್ನಿಗೆ ಕಾಲರ್ ಯಾವುದು, ತೋಳು ಯಾವುದು ಅಂತ ಗೊತ್ತಾಗುತ್ತಾ?” ಎಂದು ಅಕ್ಕ ನಕ್ಕುಬಿಟ್ಟಳು. ಆ ನಗು ತಂಗಿಗೆ ನಾಟಿತು. ಒಬ್ಬಳೇ ಎದುರಿನ ಗೋದಾಮು ಹಿಡಿದಳು, ಆಳೆತ್ತರದ ಯಂತ್ರಗಳನ್ನು ತರಿಸಿದಳು, ರಸ್ತೆಯ ಕಡೆಗೆ ಪೂರಾ ಗಾಜು ಹಾಕಿಸಿದಳು, ಮೇಲೊಂದು ಉದ್ದನೆಯ ಬೋರ್ಡು ಏರಿಸಿದಳು: ‘ಇಲ್ಲಿ ನಿಮ್ಮ ಬಟ್ಟೆಗೆ ಯಾರ ಕೈಯೂ ತಾಗುವುದಿಲ್ಲ.’

ಬೆಳಗೆದ್ದು ಬಾಗಿಲು ತೆಗೆದರೆ ಅಕ್ಕನಿಗೆ ಮೊದಲು ಕಾಣುತ್ತಿದ್ದುದು ಆ ಬೋರ್ಡು. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ನಿಂತಿದ್ದು ನೇರ ಮಾತು ಮಾತ್ರ. ಗಿರಾಕಿಗೆ ಹೇಳುವ ನೆಪದಲ್ಲಿ ರಸ್ತೆಯಾಚೆಗೆ ಕೇಳಿಸುವ ಹಾಗೆ ಹೇಳುವುದು ನಡೆದೇ ಇತ್ತು. “ನಮ್ಮಲ್ಲಿ ಗುಂಡಿ ಕಿತ್ತುಬಂದ್ರೆ ಹೊಲಿದು ಕೊಡ್ತೀವಪ್ಪ, ನುಂಗಿ ಹಾಕಲ್ಲ” ಎಂದು ಅಕ್ಕ ಇಲ್ಲಿಂದ. “ನಮ್ಮಲ್ಲಿ ಹೇಳಿದ ಹೊತ್ತಿಗೆ ಕೊಡ್ತೀವಿ ಸಾರ್, ಬಿಸಿಲು ಬರ್ಲಿ ಅಂತ ಆಕಾಶ ನೋಡ್ಕೊಂಡು ಕೂರಲ್ಲ” ಎಂದು ತಂಗಿ ಅಲ್ಲಿಂದ. ತೀರಾ ಅಗತ್ಯದ ಸುದ್ದಿಯಿದ್ದರೆ ಮಾವ ಅಂಚೆಯವರಾಗುತ್ತಿದ್ದರು. ಅವರಿಗೆ ಎರಡೂ ಕಡೆ ಚಹಾ ಸಿಗುತ್ತಿತ್ತಾದ್ದರಿಂದ ಈ ಜಗಳವನ್ನು ಮುಗಿಸುವ ಆತುರವೇನೂ ಅವರಿಗಿರಲಿಲ್ಲ.

ಅಂತೂ ಬಟ್ಟೆ ತಂತಿಯ ಮೇಲೇ ಉಳಿಯಿತು.

ಊಟದ ಹೊತ್ತು ಮೀರಿದ ಮೇಲೆ ಆಕಾಶ ತೊಳೆಯದ ಪಾತ್ರೆಯ ಬಣ್ಣಕ್ಕೆ ತಿರುಗಿತು. ಮೊದಲು ಬೀದಿಯ ಕಾಗದಚೂರುಗಳು ಗುಂಪುಗೂಡಿ ಓಡಿದವು. ಆಮೇಲೆ ಸ್ಟೇಷನ್ನಿನ ಕಡೆಯಿಂದ ರೈಲು ಬರುವಂಥ ಸದ್ದು. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು ಕಿವಿಗೊಟ್ಟಳು. ರೈಲು ಬರುತ್ತಲೇ ಇತ್ತು, ದಾಟಿ ಹೋಗುವ ಸೂಚನೆಯೇ ಇರಲಿಲ್ಲ. ದೀಪ ಆರಿತು. ಮೇಲೆ ಹೊದಿಕೆಗಳು ಚಾಟಿಯ ಹಾಗೆ ಛಟೀರ್ ಛಟೀರ್ ಎನ್ನತೊಡಗಿದವು.

“ಮಾವ, ಬನ್ನಿ ಬೇಗ,” ಎಂದು ಅವಳು ಮೆಟ್ಟಿಲಿಗೆ ಓಡಿದಳು.

ತಾರಸಿಯಲ್ಲಿ ನಿಲ್ಲುವುದೇ ಕಷ್ಟವಾಗಿತ್ತು. ಅಕ್ಕ ಎರಡು ಹೊದಿಕೆ ಎಳೆದು ಬಗಲಿಗೆ ಸೇರಿಸಿದಳು. ಮೂರನೆಯದು ಉಬ್ಬಿಕೊಂಡು ಅವಳನ್ನೇ ಎಳೆದುಕೊಂಡು ಹೊರಟಿತು. ಮಾವ ಹಿಂದಿನಿಂದ ತೋಳು ಹಿಡಿದು ಜಗ್ಗಿದರು. ಅಷ್ಟರಲ್ಲಿ ತಲೆಯ ಮೇಲೆ ಮೊಳೆಗಳು ಒಂದೊಂದಾಗಿ ಪಟಪಟನೆ ಕಿತ್ತುಬರುವ ಸದ್ದು. ಇಬ್ಬರೂ ಕೈಯಲ್ಲಿದ್ದುದನ್ನು ಬಿಟ್ಟು ಮೆಟ್ಟಿಲ ಬಾಗಿಲೊಳಗೆ ನುಗ್ಗಿದರು. ನುಗ್ಗಿ ತಿರುಗಿ ನೋಡುವಾಗ ಚಪ್ಪರದ ತಗಡು ಡಬ್ಬಿಯ ಮುಚ್ಚಳದಂತೆ ಮೇಲೆದ್ದು, ಗಾಳಿಯಲ್ಲೇ ನಡುವೆ ಮಡಚಿಕೊಂಡು, ಹಿಂದಿನ ಬೀದಿಯ ಕಡೆಗೆ ಹೋಗಿಬಿಟ್ಟಿತು. ಅದರ ಬೆನ್ನಿಗೇ ಬಿಳಿ ಹೊದಿಕೆಗಳೆಲ್ಲ ಎದ್ದವು. ಕೊನೆಗೆ ಕೆಂಪು ಕೋಟುಗಳು, ತೋಳು ಬೀಸುತ್ತ, ಸಾಲು ಕೆಡಿಸದೆ ಹಾರಿದವು. ಬ್ಯಾಂಡಿನವರೇ ಊರು ಬಿಟ್ಟು ಹೊರಟಂತಿತ್ತು.

ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಗಾಳಿ ಆಚೆಯಿಂದ ಒದೆಯುತ್ತಿತ್ತು.

“ಮಾವ, ಈಗೇನು ಮಾಡೋದು?”

“ನನ್ನೇನು ಕೇಳ್ತೀಯಮ್ಮ?”

“ಹಡಗಲ್ಲಿ ಇದ್ದೋರು ನೀವಲ್ವಾ?”

“ಹಡಗಿನ ತಳದಲ್ಲಿದ್ದೆ. ನನ್ನ ಲಾಂಡ್ರಿಗೆ ಕಿಟಕಿನೇ ಇರ್ಲಿಲ್ಲ. ಬಿರುಗಾಳಿ ಬಂದಾಗೆಲ್ಲ ಬಕೆಟ್ಟಿಗೆ ತಲೆ ಹಾಕ್ಕೊಂಡು ಕೂತಿರ್ತಿದ್ದೆ.”

ಎಂಥ ಹೊತ್ತು, ಆದರೂ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮಾವನೂ ನಕ್ಕರು. ನಗುತ್ತಿರುವಾಗಲೇ ಎದುರಿನಿಂದ ಗಾಜು ಒಡೆದ ಭಾರಿ ಸದ್ದು ಬಂತು.

ಮೆಟ್ಟಿಲಿಗೆ ರಸ್ತೆಯ ಕಡೆ ಒಂದು ಸಣ್ಣ ಕಿಟಕಿಯಿತ್ತು. ಅಕ್ಕ ಅದಕ್ಕೆ ಮುಖವಿಟ್ಟು ನೋಡಿದಳು. ತಂಗಿಯ ಬೋರ್ಡಿನ ಒಂದು ತುದಿ ಕಳಚಿ, ಬಾಗಿಲಿನಂತೆ ಬೀಸಿ, ಗಾಜನ್ನು ಚೂರುಚೂರು ಮಾಡಿ ಒಳಗೇ ಹೋಗಿತ್ತು. ಅಂಗಡಿಯೊಳಗೆ ಕತ್ತಲೆ. ಯಾರೂ ಹೊರಗೆ ಬರಲಿಲ್ಲ.

“ಹಿಂದಿನ ಬಾಗಿಲಿಂದ ಹೋಗಿರ್ತಾಳೆ ಬಿಡು,” ಎಂದರು ಮಾವ.

“ಹಿಂದಿನ ಬಾಗಿಲಿಗೆ ಸೋಪಿನ ಮೂಟೆ ಪೇರಿಸಿಟ್ಟಿದಾಳೆ.”

“ನಿಂಗೆ ಹೇಗೆ ಗೊತ್ತು?”

“ಗಾಜಿನಲ್ಲಿ ಎಲ್ಲ ಕಾಣುತ್ತಲ್ಲ ಮಾವ. ನೋಡ್ತಾನೇ ಇರ್ತೀನಿ.”

ಫೋನು ಹಚ್ಚಿದರೆ ಹೋಗಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೆಳಗಿಳಿದು, ಗಂಜಿ ಹಾಕುವ ದೊಡ್ಡ ಅಲ್ಯೂಮಿನಿಯಂ ಟಬ್ಬನ್ನು ಬರಿದು ಮಾಡಿ ತಲೆಯ ಮೇಲೆ ಕವುಚಿಕೊಂಡಳು. ಅದು ಅವಳ ಸೊಂಟದವರೆಗೆ ಬಂತು. ಉಳಿದ ಗಂಜಿ ಕುತ್ತಿಗೆಗೆ ಇಳಿಯಿತು.

“ಎಲ್ಲಿಗಮ್ಮ?”

“ಎದುರು ಅಂಗಡಿಗೆ.”

ಮಾವ ತಡೆಯಲಿಲ್ಲ. ಹತ್ತಿಬಟ್ಟೆಯ ಹಗ್ಗವೊಂದನ್ನು ಅವಳ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮೆಟ್ಟಿಲ ಕಂಬಿಗೆ ಸುತ್ತಿ, ತಾವು ಕಾಲೂರಿ ಹಿಡಿದು ಕೂತರು.

ದಿನವೂ ಹತ್ತು ಸಲ ನೋಡುವ ರಸ್ತೆ. ಆ ದಿನ ಮಾತ್ರ ಅದಕ್ಕೆ ಕೊನೆಯೇ ಇಲ್ಲವೆನಿಸಿತು. ಅಕ್ಕ ಮಂಡಿಯೂರಿ, ಟಬ್ಬಿನ ಅಂಚನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು, ಆಮೆಯ ಹಾಗೆ ಹೊರಟಳು. ಕಣ್ಣಿಗೆ ಕಾಣುತ್ತಿದ್ದುದು ಮೊಣಕಾಲಿನ ಮುಂದಿನ ಒಂದು ತುಂಡು ನೆಲ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಏನೋ ಬಂದು ಟಬ್ಬಿಗೆ ಠಣ್ಣೆಂದು ಬಡಿಯಿತು, ಹೆಂಚೋ ಕೊಂಬೆಯೋ ನೋಡುವ ಹಾಗಿರಲಿಲ್ಲ. ಒಳಗಿದ್ದವಳಿಗೆ ಗಂಟೆಯೊಳಗೆ ಕೂತಂತಾಯಿತು. ನಡುರಸ್ತೆಯಲ್ಲಿ ಒಮ್ಮೆ ಗಾಳಿ ಅವಳನ್ನು ಪಕ್ಕಕ್ಕೆ ಉರುಳಿಸಿತು. ಹಗ್ಗ ಬಿಗಿಯಿತು. ಅಕ್ಕ ಎದ್ದು, ಬಾಯಿಗೆ ಬಂದಂತೆ ಗಾಳಿಯನ್ನು ಬೈದು, ಮತ್ತೆ ತೆವಳಿದಳು. ಟಬ್ಬಿನೊಳಗೆ ಅವಳ ಬೈಗುಳ ಅವಳಿಗೇ ವಾಪಸ್ ಕೇಳಿಸುತ್ತಿತ್ತು.

ಅಂಗಡಿಯ ಒಳಗೆ ಗಾಜಿನ ಚೂರು, ನೀರು, ಚೆಲ್ಲಿದ ಸೋಪಿನ ನೊರೆ. ಬೋರ್ಡು ಕ್ಯಾಶ್ ಮೇಜಿನ ಮೇಲೆ ಮಲಗಿತ್ತು. ಅಕ್ಕ ಹಗ್ಗ ಬಿಚ್ಚಿ, ಟಬ್ಬು ತೆಗೆದು ಕಿವಿಗೊಟ್ಟಳು. ಹಿಂದುಗಡೆ ಎಲ್ಲೋ ದಬ್ ದಬ್ ಎಂದು ತಗಡು ಬಡಿಯುವ ಸದ್ದು.

ಅದು ಬರುತ್ತಿದ್ದುದು ಒಣಗಿಸುವ ದೊಡ್ಡ ಮೆಷಿನ್ನಿನೊಳಗಿಂದ. ಅಕ್ಕ ಹೋಗಿ ಅದರ ದುಂಡನೆಯ ಬಾಗಿಲಿಗೆ ತಟ್ಟಿದಳು.

“ಯಾರು?” ಎಂದಿತು ಒಳಗಿನಿಂದ ಗುಂಯ್‌ಗುಡುವ ದನಿ.

“ನಾನು.”

“ನಾನು ಅಂದ್ರೆ?”

“ಎದುರು ಅಂಗಡಿಯವಳು.”

ಒಳಗಿನ ದಬ್ ದಬ್ ನಿಂತಿತು.

“ಅಂಗಡಿ ಮುಚ್ಚಿದೆ. ನಾಳೆ ಬನ್ನಿ.”

“ಆಯ್ತು, ನಾಳೆನೇ ಬರ್ತೀನಿ,” ಎಂದು ಅಕ್ಕ ಎರಡು ಹೆಜ್ಜೆ ಜೋರಾಗಿ ಕಾಲು ಸಪ್ಪಳ ಮಾಡಿದಳು.

“ಅಕ್ಕ,” ದನಿ ಒಡೆಯಿತು. “ಅಕ್ಕ, ಹೋಗ್ಬೇಡ. ಬಾಗಿಲು ಬಿದ್ದು ಚಿಲಕ ಹಾಕ್ಕೊಂಡುಬಿಟ್ಟಿದೆ. ಒಳಗಿಂದ ತೆಗೆಯೋಕೆ ಬರಲ್ಲ. ಕೂಗಿ ಕೂಗಿ ಗಂಟಲು ಹೋಯ್ತು.”

ಅಕ್ಕನಿಗೆ ಆ ಚಿಲಕದ ಗುಟ್ಟು ತಿಳಿಯದು. ಎಳೆದಳು, ಒತ್ತಿದಳು, ಗುದ್ದಿದಳು. “ಮೇಲಕ್ಕೆತ್ತಿ ಬಲಕ್ಕೆ ತಿರುಗಿಸು” ಎಂದು ಒಳಗಿನಿಂದ ಪಾಠ ನಡೆಯಿತು. “ನನ್ನ ಬಲಾನೋ ನಿನ್ನ ಬಲಾನೋ?” ಎಂದು ಹೊರಗಿನಿಂದ ಪ್ರಶ್ನೆ. ಕೊನೆಗೆ ಬಾಗಿಲು ತೆರೆದಾಗ ತಂಗಿ ಮೊಣಕಾಲನ್ನು ಎದೆಗವಚಿಕೊಂಡು, ಬಟ್ಟೆ ತಿರುಗುವ ಉರುಳೆಯೊಳಗೆ ಕೂತಿದ್ದಳು. ಗಾಜು ಒಡೆದಾಗ ಇಡೀ ಅಂಗಡಿಯಲ್ಲಿ ಗಟ್ಟಿಯಾದದ್ದು ಇದೊಂದೇ ಎಂದು ಒಳಗೆ ತೂರಿಕೊಂಡಿದ್ದಳು. ಮುಂದಿನ ಗಾಳಿ ಬಾಗಿಲನ್ನೇ ಮುಚ್ಚಿತ್ತು. ಉರುಳೆಯ ತುಂಬ ತೂತುಗಳಿದ್ದವು, ಹಾಗಾಗಿ ಉಸಿರಿಗೆ ತೊಂದರೆಯಾಗಿರಲಿಲ್ಲ. ಹೆದರಿಕೆಗೆ ಮಾತ್ರ ಮುಖ ಬಿಳಚಿಕೊಂಡಿತ್ತು.

ಅವಳು ಹೊರಗೆ ಕಾಲಿಡಬೇಕು ಎನ್ನುವಷ್ಟರಲ್ಲಿ ಮುಂಭಾಗದ ಅಟ್ಟದ ಹಲಗೆಗಳು ದಬದಬನೆ ಕುಸಿದವು.

“ಸರಿ ಆ ಕಡೆ,” ಎಂದು ಅಕ್ಕ ತಾನೂ ಒಳಗೆ ತೂರಿದಳು. ಬಾಗಿಲು ಮತ್ತೆ ಮುಚ್ಚದಂತೆ ಟಬ್ಬನ್ನು ಸಂದಿಗೆ ಸಿಕ್ಕಿಸಿದಳು.

ಮಂಡಿಗೆ ಮಂಡಿ ತಾಗಿಸಿಕೊಂಡು ಇಬ್ಬರೂ ಕೂತರು. ಹೊರಗೆ ಗಾಳಿ ಬೀದಿಯನ್ನು ತಿರುವಿಹಾಕುತ್ತಿತ್ತು. ಇಷ್ಟು ಹತ್ತಿರ ಕೂತು ಎಷ್ಟೋ ಕಾಲವಾಗಿತ್ತು.

“ಒಳ್ಳೆ ವಿಶಾಲವಾಗಿದೆ,” ಎಂದಳು ಅಕ್ಕ.

“ಐವತ್ತು ಕಿಲೋ ಹಿಡಿಯುತ್ತೆ.”

“ಹಾಗಾದ್ರೆ ಇವತ್ತು ಮುರಿಯುತ್ತೆ.”

ತಂಗಿ ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. ಅಕ್ಕ ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಗೆ ಚುಚ್ಚಿದ್ದ ಸಣ್ಣ ಗಾಜಿನ ಚೂರನ್ನು ಉಗುರಿನಿಂದ ಕಿತ್ತಳು. ತಂಗಿ ಹಾ ಎಂದು ಕಾಲೆಳೆದುಕೊಂಡಳು.

“ಅವತ್ತು ನೀನು ನಗಬಾರದಿತ್ತು,” ಎಂದಳು ತಂಗಿ, ಮೂಗು ಒರೆಸಿಕೊಳ್ಳುತ್ತ.

“ನಗಬಾರದಿತ್ತು. ನಿನ್ನ ಮೆಷಿನ್ ಅಂದ್ರೆ ನಂಗೆ ಭಯ ಕಣೆ. ಗುಂಡಿ ಒತ್ತೋದು ಬರದೆ ನಿನ್ನ ಮುಂದೆ ಪೆದ್ದಿ ಆಗಿಬಿಡ್ತೀನಿ ಅಂತ. ನೀನ್ಯಾಕೆ ಆ ಬೋರ್ಡು ಹಾಕಿದೆ?”

“ಬೋರ್ಡು ಬರೆಯೋನು ಹೇಳಿದ್ದು, ಹೀಗೆ ಬರೆದ್ರೆ ಗಿರಾಕಿ ಬರ್ತಾರೆ ಅಂತ. ಮೇಲೇರಿಸಿದ ಮೇಲೆ ಓದಿ ಇಳಿಸಿಬಿಡೋಣ ಅನ್ನಿಸ್ತು. ಆದ್ರೆ ಇಳಿಸಿದ್ರೆ ನೀನು ಗೆದ್ದಂಗಾಗುತ್ತಲ್ಲ, ಅದಕ್ಕೇ ಬಿಟ್ಟೆ.”

“ಈಗ ತಾನಾಗೇ ಇಳಿದಿದೆ. ಯಾರೂ ಗೆದ್ದಿಲ್ಲ.”

“ನಿನ್ನ ಮೈಯೆಲ್ಲ ಯಾಕೆ ಹೀಗೆ ಅಂಟಂಟು?”

“ಗಂಜಿ.”

“ಬೆಳಗ್ಗೆ ಹೊತ್ತಿಗೆ ನಿಂಗೆ ಇಸ್ತ್ರಿನೇ ಬೇಡ ಬಿಡು,” ಎಂದಳು ತಂಗಿ. ಈ ಸಲ ನಗು ಪೂರ್ತಿ ಬಂತು, ಇಬ್ಬರಿಗೂ.

ಸಂಜೆಯ ಹೊತ್ತಿಗೆ ಗಾಳಿ ಸುಸ್ತಾಯಿತು. ಎದುರಿನಿಂದ ಮಾವನ ದನಿ ಕೇಳಿಸಿತು: “ಅಮ್ಮಾ, ಹಗ್ಗ ಎಳೆದ್ರೆ ಬರೀ ಹಗ್ಗ ಬಂತು. ಇದೀಯಾ?” ಇಬ್ಬರೂ ಒಟ್ಟಿಗೆ ‘ಇದೀವಿ’ ಎಂದರು. ಎರಡು ದನಿ ಕೇಳಿ ಮಾವ, “ಹಾಗಾದ್ರೆ ಇನ್ನು ಮೇಲೆ ನನಗೆ ಒಂದೇ ಚಹಾ” ಎಂದರು.

ಮರುದಿನ ಏನೂ ನಡೆದೇ ಇಲ್ಲವೆಂಬಂತೆ ಫಳಫಳ ಬಿಸಿಲು. ಮರಗಳು ರಸ್ತೆಗೆ ಅಡ್ಡ ಬಿದ್ದಿದ್ದವು, ಕಂಬಗಳು ವಾಲಿದ್ದವು, ಅರ್ಧ ಊರಿನ ಹೆಂಚು ನೆಲದ ಮೇಲಿತ್ತು. ಒಂದಿಬ್ಬರಿಗೆ ಕೈಕಾಲು ಮುರಿದಿತ್ತು, ಆದರೆ ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ. ಅದು ಗೊತ್ತಾದ ಮೇಲೆ ಜನ ನಿರಾಳವಾಗಿ ಸುತ್ತ ನೋಡಿದರು. ಊರ ತುಂಬ ಒಗೆದ ಬಟ್ಟೆ ಕಂಡಿತು.

ಅಂಚೆ ಕಚೇರಿಯ ಗಡಿಯಾರಕ್ಕೆ ಹೊದಿಕೆ ಸುತ್ತಿಕೊಂಡು ಗಂಟೆಯೇ ಕಾಣುತ್ತಿರಲಿಲ್ಲ. ಪ್ರೈಮರಿ ಶಾಲೆಯ ಜಾರುಬಂಡೆಯ ಮೇಲೆ ಒಂದು, ಕಟ್ಟಿಗೆ ಅಡ್ಡೆಯ ಗರಗಸದ ಮೇಲೊಂದು. ಒಂದು ಕೆಂಪು ಕೋಟು ಬ್ಯಾಂಕಿನ ಬಾಗಿಲ ಹಿಡಿಗೆ ತೋಳು ಸಿಕ್ಕಿಸಿಕೊಂಡು, ತೆರೆಯುವುದನ್ನೇ ಕಾಯುವವನಂತೆ ನಿಂತಿತ್ತು. ನೀರಿನ ಟ್ಯಾಂಕಿನ ಮೇಲೆ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆಂದು ಒಬ್ಬ ಅಜ್ಜಿ ಅಗ್ನಿಶಾಮಕದವರನ್ನು ಕರೆಸಿದ್ದಳು. ಅವರು ಏಣಿ ಹಾಕಿ ಹತ್ತಿ, “ಹೆದರ್ಬೇಡಿ ಸಾರ್, ಕೈ ಕೊಡಿ” ಎಂದು ಹಿಡಿದರೆ ಕೈಗೆ ಬಂದದ್ದು ಬರೀ ತೋಳು. ಆ ಕೋಟನ್ನು ಅವರು ಗಾಡಿಯಲ್ಲೇ ತಂದು ಅಕ್ಕನಿಗೆ ಒಪ್ಪಿಸಿದರು.

ಅಕ್ಕ ಪ್ರತಿ ಬಟ್ಟೆಯ ಮೂಲೆಗೂ ಅಳಿಯದ ಶಾಯಿಯಲ್ಲಿ ತನ್ನ ಅಂಗಡಿಯ ಗುರುತು ಹಾಕುತ್ತಿದ್ದಳು. ಹಾಗಾಗಿ ಯಾವುದು ಎಲ್ಲಿ ಸಿಕ್ಕರೂ ಜನ ಅವಳಲ್ಲಿಗೇ ತಂದರು. ಬೈಯುವವರು ಬರುತ್ತಾರೆಂದು ಅವಳು ಕಾಯುತ್ತಿದ್ದಳು. ಬಂದವರೆಲ್ಲ ತಮಗೆ ಸಿಕ್ಕಿದ್ದು ಎಲ್ಲಿ, ಹೇಗೆ ಎಂದು ಕಥೆ ಹೇಳುತ್ತ ನಿಂತರು. ಬ್ಯಾಂಡ್ ಮೇಷ್ಟ್ರು ಮಾತ್ರ ಕೆಸರು ಹತ್ತಿದ ಒಂದು ಕೋಟನ್ನು ಮಗುವಿನಂತೆ ಎತ್ತಿಕೊಂಡು ಬಂದರು.

“ಅಕ್ಕ, ಇದು ನನ್ನದೇ. ನನ್ನ ಮನೆ ಹಿತ್ತಲಿಗೇ ಬಂದು ಬಿದ್ದಿತ್ತು.”

“ಮನೆಗೇ ತಲುಪಿಸಿದೀವಿ ಮೇಷ್ಟ್ರೇ, ಇನ್ನೇನು ಬೇಕು?” ಎಂದಳು ಪಕ್ಕದಲ್ಲಿದ್ದ ತಂಗಿ. ಮೇಷ್ಟ್ರು ಒಬ್ಬಳ ಮುಖ ನೋಡಿದರು, ಇನ್ನೊಬ್ಬಳ ಮುಖ ನೋಡಿದರು. ಇಬ್ಬರೂ ಒಂದೇ ಕಡೆ ನಿಂತಿರುವುದು ಅವರಿಗೆ ಬಿರುಗಾಳಿಗಿಂತ ದೊಡ್ಡ ಸುದ್ದಿಯಾಗಿತ್ತು.

ಅಷ್ಟರಲ್ಲಿ ಆಸ್ಪತ್ರೆಯ ಹಿರಿಯ ನರ್ಸಮ್ಮ ಬಂದರು. ಹಾಸಿಗೆಗಳಿಗೆ ಹಾಸಲು ಏನೂ ಉಳಿದಿಲ್ಲ, ಹೊಸಬರು ಬೇರೆ ಸೇರುತ್ತಿದ್ದಾರೆ, ಸಂಜೆಯೊಳಗೆ ಒಂದಿಷ್ಟಾದರೂ ಬೇಕೇ ಬೇಕು ಎಂದರು. ಅಕ್ಕ ಮೂಲೆಯಲ್ಲಿ ಬೆಟ್ಟದಂತೆ ಬಿದ್ದಿದ್ದ ಕೆಸರು ಹೊದಿಕೆಗಳನ್ನು ನೋಡಿದಳು. ಅವಳಿಗೆ ಚಪ್ಪರವಿಲ್ಲ, ತಾರಸಿಯ ನೀರಿನ ತೊಟ್ಟಿಯೂ ಒಡೆದಿತ್ತು. ತಂಗಿಗೆ ಕರೆಂಟಿಲ್ಲ. ಆದರೆ ತಂಗಿಯ ಅಂಗಡಿಯ ಹಿಂದೆ ತುಂಬಿದ ತೊಟ್ಟಿಯಿತ್ತು, ಇಟ್ಟಿಗೆಯಲ್ಲಿ ಕಟ್ಟಿದ ನೆನೆಹಾಕುವ ಬಾನಿಗಳಿದ್ದವು.

“ಕೈಯಲ್ಲಿ ಒಗೆಯೋದು ಮರೆತಿಲ್ಲ ತಾನೆ?” ಎಂದು ಅಕ್ಕ ಕೇಳಿದಳು.

“ಕೈಯಲ್ಲಿ ಇಷ್ಟು ಆಗಲ್ಲ ಅಕ್ಕ, ಸಂಜೆಯೊಳಗೆ ಆಗಲ್ಲ. ಕಾಲು ಬೇಕು.” ತಂಗಿ ಮೇಷ್ಟ್ರ ಕಡೆ ತಿರುಗಿದಳು. “ಮೇಷ್ಟ್ರೇ, ನಿಮ್ಮವರೆಲ್ಲ ಏನು ಮಾಡ್ತಿದಾರೆ?”

“ಕೋಟಿಲ್ಲದೆ ಮನೇಲಿ ಕೂತಿದಾರೆ.”

“ಕಾಲು ತೊಳ್ಕೊಂಡು ಬರೋಕೆ ಹೇಳಿ.”

ಹೀಗೆ ಪುರಸಭೆಯ ಬ್ಯಾಂಡಿನವರು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿಕೊಂಡು ಬಾನಿಗಳಿಗೆ ಇಳಿದರು. ತುತ್ತೂರಿಯವನು, ಕೊಳಲಿನವನು, ದೊಡ್ಡ ಹೊಟ್ಟೆಯ ಕಹಳೆಯವನು, ಎಲ್ಲರೂ. ಮೊದಲು ಒಬ್ಬೊಬ್ಬರು ಒಂದೊಂದು ರೀತಿ ತುಳಿದು ಒಬ್ಬರ ಮೇಲೊಬ್ಬರು ಜಾರಿಬಿದ್ದರು. ಮೇಷ್ಟ್ರಿಗೆ ನೋಡಲಾಗಲಿಲ್ಲ. ಡೋಲಿನವನನ್ನು ಕರೆಸಿ ಮೆಟ್ಟಿಲ ಮೇಲೆ ಕೂರಿಸಿ, ಮೆರವಣಿಗೆಯ ನಡಿಗೆ ಬಾರಿಸು ಎಂದರು. ಆಮೇಲೆ ನೋಡಬೇಕು. ಎಡಗಾಲು, ಬಲಗಾಲು, ಹೊದಿಕೆಯ ಕೆಸರು ಬಳಬಳನೆ ಬಿಟ್ಟುಕೊಂಡಿತು. ನೊರೆ ಮೊಣಕಾಲಿಗೇರಿತು. ಬೀದಿಯವರು ಮರ ಕಡಿಯುವುದನ್ನು ಬಿಟ್ಟು ಬಂದು ನೋಡಿದರು, ನೋಡಿದವರಲ್ಲಿ ಕೆಲವರು ಚಪ್ಪಲಿ ಬಿಟ್ಟು ತಾವೂ ಇಳಿದರು. ನರ್ಸಮ್ಮನ ಕಾಲೂ ನಿಂತಲ್ಲೇ ತಾಳಕ್ಕೆ ಅಲುಗುತ್ತಿತ್ತು.

ಅಕ್ಕ ತೊಳೆದದ್ದನ್ನು ನೀಲಿಯಲ್ಲಿ ಅದ್ದಿ ತೆಗೆದಳು. ತಂಗಿ ಒಂದು ತುದಿ, ಅಕ್ಕ ಒಂದು ತುದಿ ಹಿಡಿದು ಹಿಂಡಿದರು. ಬಿದ್ದ ಮರಗಳ ಕೊಂಬೆಗಳ ಮೇಲೆ, ಪಾರ್ಕಿನ ಕಂಬಿಗಳ ಮೇಲೆ ಹರವಿದರು. ಅಂಥ ಬಿಸಿಲಿಗೆ ಬಟ್ಟೆ ನೋಡುನೋಡುತ್ತಿದ್ದಂತೆ ಒಣಗಿತು. ಮಾವ ಇದ್ದಿಲ ಇಸ್ತ್ರಿ ಪೆಟ್ಟಿಗೆಗಳಿಗೆ ಬೆಂಕಿ ಹಾಕಿ ಊದುತ್ತ ಕೂತರು. ಕೇಳಲು ಬಂದವರಿಗೆ, “ಹಡಗಿನಲ್ಲಿ ಇದೆಲ್ಲಿ, ನಿನ್ನೆ ಇಲ್ಲಿ ನೋಡಿದೆನಲ್ಲ, ಅದು ಗಾಳಿ ಅಂದ್ರೆ” ಎಂದು ಹೊಸ ಕಥೆ ಶುರು ಮಾಡಿದರು. ತಂಗಿಯ ಬೋರ್ಡನ್ನು ಎರಡು ಡ್ರಮ್ಮುಗಳ ಮೇಲೆ ಮಗುಚಿ ಹಾಕಿ, ಕಂಬಳಿ ಹೊದಿಸಿದರೆ ಒಳ್ಳೆಯ ಇಸ್ತ್ರಿ ಮೇಜಾಯಿತು.

ಮಧ್ಯಾಹ್ನ ಅಂಗಡಿಯ ಮುಂದಿನ ಕಂಬದ ತುದಿಯಿಂದ ಯಾರೋ ಸಿಳ್ಳೆ ಹಾಕಿದರು. ಅಕ್ಕ ತಲೆಯೆತ್ತಿದಳು. ಗಂಡ. ಹಿಂದಿನ ದಿನದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು, ಮುಖವೆಲ್ಲ ಮಸಿ. ಕೈಯಲ್ಲಿ ವಿದ್ಯುತ್ ತಂತಿಯಿಂದ ಬಿಡಿಸಿದ ಒಂದು ಹೊದಿಕೆ.

“ತಂತಿ ಮೇಲಿರೋದನ್ನೆಲ್ಲ ಇಳಿಸು ಅಂದಿದ್ದೆನಲ್ಲ?”

“ಈಗ ಇಳಿಸ್ತಾ ಇದೀರಲ್ಲ, ಹಾಕಿ ಕೆಳಗೆ.”

ಅವನು ನಕ್ಕು ಹೊದಿಕೆಯನ್ನು ಬಿಟ್ಟ. ಅದು ಉಬ್ಬಿಕೊಂಡು ನಿಧಾನವಾಗಿ ಇಳಿದು ತಂಗಿಯ ತಲೆಯ ಮೇಲೆ ಬಿತ್ತು. “ಭಾವ, ನಿಮ್ಮ ಗುರಿ ಚೆನ್ನಾಗಿದೆ,” ಎಂದಿತು ಹೊದಿಕೆ. ಅವನು ಕಂಬದ ಮೇಲಿಂದಲೇ ಬಗ್ಗಿ ನೋಡಿದ, ಹೆಂಡತಿಯನ್ನು ನೋಡಿದ, ತನ್ನ ಕೆಲಸಕ್ಕೆ ತಿರುಗಿದ. ಮುಖದ ಮಸಿಯೊಳಗಿಂದ ಹಲ್ಲು ಮಾತ್ರ ಬಹಳ ಹೊತ್ತು ಕಾಣುತ್ತಿತ್ತು.

ಹೊತ್ತು ಇಳಿಯುವಷ್ಟರಲ್ಲಿ ಹೊದಿಕೆಗಳು ಮಡಿಕೆಯಾಗಿ ಕೂತವು. ತರಕಾರಿಯವನ ತಳ್ಳುಗಾಡಿಯನ್ನು ಕಡ ತಂದು, ಒರೆಸಿ, ಅದರ ಮೇಲೆ ಪೇರಿಸಿ, ಅಕ್ಕತಂಗಿಯರು ಆಸ್ಪತ್ರೆಗೆ ತಳ್ಳಿಕೊಂಡು ಹೋದರು. ದಾರಿಯುದ್ದಕ್ಕೂ ಕೊಂಬೆಗಳನ್ನು ಸುತ್ತುಹಾಕಬೇಕಿತ್ತು. ವಾರ್ಡಿನಲ್ಲಿ ನರ್ಸಮ್ಮ ಮೊದಲ ಹೊದಿಕೆಯನ್ನು ಕೊಡವಿ ಹಾಸಿದರು. ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ ಒಬ್ಬ ಅಜ್ಜ ಅದರ ಮೇಲೆ ಒರಗಿ, ಅಂಚನ್ನು ಮೂಗಿಗೆ ಹಿಡಿದು, “ಬಿಸಿಲಿನ ವಾಸನೆ ಬರ್ತಿದೆ. ಯಾವ ಸೋಪು ಇದು?” ಎಂದು ಕೇಳಿದರು. “ಬ್ಯಾಂಡಿನವರ ಕಾಲು ತಾತ,” ಎಂದುಬಿಟ್ಟಳು ತಂಗಿ. ಅಕ್ಕ ಅವಳ ಕೈ ಹಿಡಿದು ಹೊರಗೆಳೆದುಕೊಂಡು ಬಂದಳು.

ವಾಪಸ್ ಬರುವಾಗ ತಂಗಿ ಕುಂಟತೊಡಗಿದಳು. ಹಿಮ್ಮಡಿಯ ಗಾಯ ನೀರಿನಲ್ಲಿ ನೆಂದು ಬಿರಿದಿತ್ತು.

“ಹತ್ತು ಮೇಲೆ,” ಎಂದು ಅಕ್ಕ ಬರಿದಾದ ಗಾಡಿ ತೋರಿಸಿದಳು.

“ನೋಡಿದೋರು ಏನಂತಾರೆ?”

“ನಿನ್ನೆ ನಾನು ಟಬ್ಬು ಹೊದ್ದುಕೊಂಡು ರಸ್ತೆ ದಾಟಿದೀನಿ. ನಿನ್ನನ್ನ ಯಾರು ನೋಡ್ತಾರೆ, ಹತ್ತು.”

ತಂಗಿ ಹತ್ತಿ ಕಾಲು ಇಳಿಬಿಟ್ಟು ಕೂತಳು. ಅಕ್ಕ ತಳ್ಳಿದಳು.

“ತಗಡು ಹಾಕಿಸೋವರೆಗೂ ನನ್ನಲ್ಲೇ ಇರು,” ಎಂದಳು ತಂಗಿ ಸ್ವಲ್ಪ ದೂರ ಹೋದ ಮೇಲೆ.

“ಬಾಡಿಗೆ?”

“ಕಾಲರ್ ಇಸ್ತ್ರಿ ನೀನು ಮಾಡು. ಮೆಷಿನ್ನಿಗೆ ನಿಜಕ್ಕೂ ಗೊತ್ತಾಗಲ್ಲ ಅದು.”

“ಗುಂಡಿ ಒತ್ತೋದು ಹೇಳಿಕೊಡ್ತೀಯಾ?”

“ನಗಲ್ಲ ಅಂದ್ರೆ.”

ತಗಡು ಬರಲು ಒಂದು ಋತುವೇ ಕಳೆಯಿತು. ಬಂದ ಮೇಲೂ ಅಕ್ಕ ತಾರಸಿಗೆ ಹೋದದ್ದು ಬಿಳಿ ಬಟ್ಟೆ ಒಣಹಾಕಲು ಮಾತ್ರ. ಮಿಕ್ಕ ಕೆಲಸವೆಲ್ಲ ಎದುರಿನಲ್ಲೇ, ತಂಗಿಯ ಜೊತೆ ದಿನಕ್ಕೊಂದು ಹೊಸ ಜಗಳ ಆಡುತ್ತ. ಆದರೆ ಆ ಸಂಜೆ ಅದೊಂದೂ ಇಬ್ಬರಿಗೂ ಗೊತ್ತಿರಲಿಲ್ಲ. ಸ್ಟೇಷನ್ ರಸ್ತೆಯ ಇಳಿಜಾರು ಬಂತು. ಗಾಡಿ ತಾನಾಗಿಯೇ ಓಡತೊಡಗಿತು. “ಅಕ್ಕ, ಹಿಡ್ಕೊ,” ಎಂದಳು ತಂಗಿ. ಅಕ್ಕ ಹಿಡಿಯುವ ಬದಲು ಎರಡು ಹೆಜ್ಜೆ ಓಡಿ ತಾನೂ ಹಿಂದಿನಿಂದ ಹತ್ತಿಕೊಂಡಳು.